‘ಬಂದ ಕರಾ’ ಒತ್ತಿದರೆ ಬಂದ್ ಆಗಬೇಕು

ಇಚಲಕರಂಜಿಯ ಟೆಂಪೊ ಸ್ಟ್ಯಾಂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾಳಿ ಮುಗಿಸಿದ ಮಗ್ಗದವರು ಚಹಾದಂಗಡಿಯ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಉಜ್ವಲಾ ಹಿರಿಯ ಡ್ರೈವರೊಬ್ಬರ ಮೊಬೈಲ್ ಹಿಡಿದು ಸೆಟ್ಟಿಂಗ್ಸ್ ತೆರೆಯುತ್ತಿದ್ದಾರೆ. “ಇಲ್ಲಿ ಒತ್ತರಿ ಕಾಕಾ. ಮೊದಲ ಲೋಕೇಶನ್ ತೆಗೀರಿ, ಆಮ್ಯಾಲ ಆ್ಯಪ್ ನಿಲ್ಲಸ್ರಿ. ಈಗ ಖರೇನ ಬಂದ್ ಆತು.”

ಈ ಕೆಲಸ ಅವರಿಗೆ ಯಾರೂ ಹೇಳಿದ್ದಲ್ಲ.

ಉಜ್ವಲಾ ಗಡಹಿಂಗ್ಲಜ ಕಡೆಯ ಕುರಿಗಾರರ ಮಗಳು. ತಂದೆ ಲಗಮಣ್ಣ ಈಗಲೂ ಉತ್ತೂರ ಸುತ್ತ ಕುರಿ ಮೇಯಿಸುತ್ತಾರೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಕೂತರು. ಕೋಡ್ ಬರೆಯದೆ, ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆ್ಯಪ್ ಮಾಡುವುದನ್ನು ವಿಡಿಯೊ ನೋಡಿ ಕಲಿತರು. ಬೇಕರಿಗೊಂದು, ಹಾಲಿನ ಡೇರಿಗೊಂದು ಮಾಡಿಕೊಟ್ಟರು. ಆಮೇಲೆ ಬಂದವರು ಬಟ್ಟೆ ಸಾಗಿಸುವ ಬಾಪೂಸಾಹೇಬ. ತಮ್ಮ ಟೆಂಪೊಗಳು ಯಾವಾಗ ಎಲ್ಲಿವೆ ಎಂದು ತಿಳಿಯಲು ಅವರಿಗೆ ಡ್ರೈವರುಗಳ ಫೋನಿನಲ್ಲಿ ಒಂದು ಆ್ಯಪ್ ಬೇಕಿತ್ತು.

ಡ್ರೈವರುಗಳಿಗೆ ಅಂಜಿಕೆ. “ಮನಿಗೆ ಹೋದ ಮ್ಯಾಲೂ ನಮ್ಮನ್ನ ನೋಡ್ತಾರೇನ?” ಎಂದು ಕೇಳಿದರು. ಅದಕ್ಕೇ ಉಜ್ವಲಾ ಮರಾಠಿಯಲ್ಲಿ ‘ಬಂದ ಕರಾ’ (ಬಂದ್ ಮಾಡಿ) ಎಂದು ಬರೆದ ಕೆಂಪು ಬಟನ್ ಇಟ್ಟರು. ಒತ್ತಿದರೆ ಮೊದಲು ಲೋಕೇಶನ್ ನಿಲ್ಲುತ್ತದೆ, ಆಮೇಲೆ ಆ್ಯಪ್ ತಾನೇ ಮುಚ್ಚಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಒಂದೇ ತುಂಡು ಸಾಕು. ಐಫೋನ್ ಮಾತ್ರ ಆ್ಯಪ್ ತನ್ನನ್ನು ತಾನೇ ಮುಚ್ಚಲು ಬಿಡುವುದಿಲ್ಲ. ಅಂಥ ಫೋನಿದ್ದವರಿಗೆ ಲೋಕೇಶನ್ ನಿಲ್ಲಿಸಿ, ‘ಇನ್ನು ನೀವೇ ಮೇಲಕ್ಕೆ ಸರಿಸಿ ತೆಗೆಯಿರಿ’ ಎಂದು ಬರೆದರು. ಸ್ಟ್ಯಾಂಡಿಗೆ ಬಂದು ಒಬ್ಬೊಬ್ಬರಿಗೂ ತಿಳಿಸಿ ಹೇಳಿದರು. ಡ್ರೈವರುಗಳು ನಂಬಿದ್ದು ಅವರ ಮಾತನ್ನೇ.

ಕೆಲವು ತಿಂಗಳಾದ ಮೇಲೆ ಬಾಪೂಸಾಹೇಬ ಕರೆಸಿದರು. “ಬಟನ್ ಇರ್ಲಿ. ಒತ್ತಿದ್ರ ಸ್ಕ್ರೀನ್ ಹೋಗ್ಲಿ, ಲೋಕೇಶನ್ ಮಾತ್ರ ಬರ್ಲಿ.”

“ಅದು ಮೋಸ ಆಗ್ತೈತ್ರಿ ಸಾಹೇಬ್ರ.”

“ಟೆಂಪೊ ನಂದು, ರಿಚಾರ್ಜ್ ನಂದು.”

“ಮನಿ ಅವರದ್ರಿ,” ಎಂದು ಹೇಳಿ ಉಜ್ವಲಾ ಎದ್ದು ಬಂದರು. ಆದರೆ ಆ್ಯಪಿನ ಪಾಸ್‌ವರ್ಡ್ ಬಾಪೂಸಾಹೇಬರ ಕೈಯಲ್ಲೇ ಇತ್ತು. ಕೊಲ್ಹಾಪುರದಿಂದ ಬಂದ ಕೇತನ ಎಂಬ ಹುಡುಗ ಒಂದು ಮಧ್ಯಾಹ್ನದಲ್ಲಿ ಅದನ್ನು ಬದಲಿಸಿಕೊಟ್ಟ. ಬಟನ್ ಅದೇ, ಬಣ್ಣ ಅದೇ, ಅಕ್ಷರವೂ ಅದೇ. “ನಾ ಒಲ್ಲೆ ಅಂದೆ, ಅಲ್ಲಿಗೆ ಮುಗೀತು ಅನ್ಕೊಂಡಿದ್ದೆ,” ಎನ್ನುತ್ತಾರೆ ಉಜ್ವಲಾ.

ಕುರುಂದವಾಡದ ಬಾಳಗೊಂಡ ಬಾಪೂಸಾಹೇಬರ ಟೆಂಪೊ ಓಡಿಸುತ್ತಿದ್ದವರಲ್ಲಿ ಒಬ್ಬರು. ಒಂದು ಸಂಜೆ ಕೆಲಸ ಮುಗಿಸಿ, ಕೆಂಪು ಬಟನ್ ಒತ್ತಿ, ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಬೇರೆ ಕೆಲಸ ಕೇಳಲು ಹೋದರು. ಮರುದಿನ ಬಾಪೂಸಾಹೇಬ, “ಫೌಂಡ್ರಿಯೊಳಗ ಕೆಲಸ ಸಿಕ್ತೇನ?” ಎಂದು ನಗುತ್ತ ಟೆಂಪೊದ ಕೀಲಿಕೈ ಕಸಿದುಕೊಂಡರು. ಫೌಂಡ್ರಿಯವರೂ ಕೆಲಸ ಕೊಡಲಿಲ್ಲ.

ಬಾಳಗೊಂಡ ನೇರ ಮೊಬೈಲ್ ಅಂಗಡಿಗೆ ಬಂದರು. “ತಂಗೀ, ಬಂದ್ ಆಗ್ತೈತಿ ಅಂತ ನೀನ ಹೇಳಿದ್ದಿ ಅಲ್ಲಾ?”

ಉಜ್ವಲಾ ಅವರ ಫೋನ್ ಇಸಿದುಕೊಂಡು ನೋಡಿದರು. ಪರದೆ ಖಾಲಿ, ಹಿಂದೆ ಆ್ಯಪ್ ಓಡುತ್ತಲೇ ಇತ್ತು. ನಡೆದದ್ದನ್ನೆಲ್ಲ ಹೇಳಿದರು. ಬಾಳಗೊಂಡ ಕೇಳಿದ್ದು ಒಂದೇ: “ಅವರು ಹಂಗ ಕೇಳ್ಯಾರ ಅಂತ ಅವತ್ತ ನಮಗ ಯಾಕ ಹೇಳಲಿಲ್ಲ?”



ಅಂದಿನಿಂದ ಉಜ್ವಲಾ ದಿನಾ ಸ್ಟ್ಯಾಂಡಿಗೆ ಬಂದು, ಲೋಕೇಶನ್ ನಿಜವಾಗಿ ನಿಲ್ಲಿಸುವುದನ್ನು ತೋರಿಸಿಕೊಡುತ್ತಿದ್ದಾರೆ. ಡ್ರೈವರುಗಳ ಜೊತೆ ಅಂಗಡಿಯಲ್ಲಿ ಈ ಮಾತು ಬೇಡ ಎಂದು ಮೊಬೈಲ್ ಅಂಗಡಿಯ ಮಾಲೀಕರು ಎಚ್ಚರಿಸಿದ್ದಾರೆ. ಹಾಗಾಗಿ ಅಂಗಡಿ ತೆರೆಯುವ ಮೊದಲೇ ಈ ಕೆಲಸ. ‘ಆಕಿ ಕಿರಿಕಿರಿ ಹೆಣ್ಮಗಳು’ ಎಂದು ಬಾಪೂಸಾಹೇಬ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರಿಂದ ಹೊಸ ಆ್ಯಪ್ ಮಾಡಿಸಲು ಯಾರೂ ಬರುತ್ತಿಲ್ಲ. ಡ್ರೈವರುಗಳಲ್ಲೂ ಎಲ್ಲರೂ ಫೋನ್ ಕೊಡುವುದಿಲ್ಲ. “ಮೊದಲನೂ ಹಿಂಗ ಹೇಳಿದ್ದಿ,” ಎಂದು ಇಂದು ಒಬ್ಬರು ಫೋನ್ ಕಿಸೆಗಿಟ್ಟು ಹೊರಟೇಬಿಟ್ಟರು.

ಬಾಳಗೊಂಡ ಈಗ ಬಟ್ಟೆಯ ಮೂಟೆ ಹೊರುತ್ತಾರೆ. ಉಜ್ವಲಾ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ.

“ಕೆಲಸ ಬರ್ಲಿ ಅಂತ ನಾ ಬೇಡೂದಿಲ್ರಿ,” ಎನ್ನುತ್ತಾರೆ ಉಜ್ವಲಾ. “ಬಾಳಗೊಂಡ ಅಣ್ಣಾರು ಒಮ್ಮೆ ನಿಂತು ನನಗ ಬೈದ್ರ ಸಾಕು.”