ಹಿತ್ತಾಳೆ ಪಟ್ಟಿಯ ಈಚೆ ತೆಗೆದ ಫೋಟೋ

ನಮ್ಮ ಚಿಕ್ಕಮ್ಮ ಕಾವಲಿರುವ ಚೌಕ ನೋಡಿದರೆ ಊರಿನದೇ ಅನ್ನಬೇಕು. ಗೇಟಿಲ್ಲ, ಬೇಲಿಯಿಲ್ಲ, ಯಾರು ಬೇಕಾದರೂ ಬಂದು ಕಾರಂಜಿಯ ಕಟ್ಟೆ ಮೇಲೆ ಕೂರಬಹುದು. ಆದರೆ ಅದು ಕಂಪನಿಯ ಸ್ವಂತ ಜಾಗ. ನೆಲದಲ್ಲಿ ಬೆರಳಗಲದ ಹಿತ್ತಾಳೆ ಪಟ್ಟಿ ಕೂರಿಸಿದ್ದಾರೆ. ಅದರಾಚೆ ರಸ್ತೆ, ಈಚೆ ಕಂಪನಿ; ಕಂಪನಿಯ ಜಾಗದಲ್ಲಿ ಫೋಟೋ ತೆಗೆಯುವಂತಿಲ್ಲ. ಈಚೆ ಬಂದು ಕ್ಯಾಮೆರಾ ಎತ್ತಿದಿರೋ, ಚಿಕ್ಕಮ್ಮ ಹಾಜರ್. ಕಾರಂಜಿಯ ತುಂತುರು ಗಾಳಿಗೆ ಹಾರಿ, ಸುತ್ತಲ ಗಾಜಿನ ಗೋಡೆಗಳಲ್ಲಿ ಮೋಡ ತೇಲುವಾಗ ಯಾರಿಗೆ ತಾನೇ ಫೋಟೋ ತೆಗೆಯುವ ಮನಸ್ಸಾಗದು? ತಾನೇ ನೀರೊಳಗೆ ನಿಂತ ಹಾಗೆ ಅನ್ನಿಸುತ್ತದಂತೆ ಚಿಕ್ಕಮ್ಮನಿಗೆ.

ಅಂಥದೊಂದು ಬೆಳಿಗ್ಗೆ ಹಿರಿಯರೊಬ್ಬರು ಕಟ್ಟೆ ಮೇಲೆ ಕೂತ ಹೆಂಡತಿಯ ಫೋಟೋ ತೆಗೆದರು. ಚಿಕ್ಕಮ್ಮ ಓಡಿದಳು.

"ಅಳಿಸಿ ಸಾರ್."

"ಹೊರಗೆ ಹೋಗಿ ಅನ್ನಬಹುದು ನೀವು. ಅಳಿಸಿ ಅನ್ನೋ ಹಕ್ಕು ನಿಮಗಿಲ್ಲಮ್ಮ."

"ಬಿಡೀಂದ್ರೆ, ಪಾಪ, ಅವರ ಕೆಲಸಕ್ಕೆ ಕುತ್ತು ತರಬೇಡಿ" ಎಂದರು ಹೆಂಡತಿ. ಆ ಹಿರಿಯರು ಗೊಣಗುತ್ತಾ ಚಿಕ್ಕಮ್ಮನ ಕಣ್ಣೆದುರೇ ಅಳಿಸಿದರು.

ಅವರು ಹೇಳಿದ್ದೇ ಸರಿ ಎಂದು ಚಿಕ್ಕಮ್ಮನಿಗೆ ಮೇಲಧಿಕಾರಿಗಳಿಂದ ತಿಳಿದದ್ದು ಆಮೇಲೆ. ಈ ವಿಷಯದಲ್ಲಿ ನನಗೆ ಚಿಕ್ಕಮ್ಮನ ಮೇಲೆ ಈಗಲೂ ಸಿಟ್ಟಿದೆ. ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಬೇಕಿತ್ತು. ಯೂನಿಫಾರ್ಮ್ ಹಾಕಿಕೊಂಡವರು ಕೇಳಿಯಾರೇ!

ನಾಲ್ಕು ತಿಂಗಳ ಮೇಲೆ ಆ ಹೆಂಗಸು ಒಬ್ಬರೇ ಬಂದರು, ನೇರ ಚಿಕ್ಕಮ್ಮನ ಬಳಿಗೆ.

"ನಮ್ಮನೆಯವರು ಹೋಗ್ಬಿಟ್ರು. ಅವರು ತೆಗೆದ ಕೊನೇ ಫೋಟೋ ಅವತ್ತು ಅಳಿಸಿದ್ದೇ. ನಾನು ನೋಡ್ಲೇ ಇಲ್ಲ. ನೀವು ನೋಡಿದ್ರಲ್ಲ, ಹೇಗಿತ್ತು ಹೇಳ್ತೀರಾ?"

ಡ್ಯೂಟಿಯಲ್ಲಿ ಕೂರುವಂತಿಲ್ಲ, ಆದರೂ ಚಿಕ್ಕಮ್ಮ ಅವರ ಜೊತೆ ಕಟ್ಟೆ ಮೇಲೆ ಕೂತಳು.

"ಏನೋ ಬೈತಿದ್ದ ಹಾಗೆ ಬಾಯಿ ತೆರೆದಿದ್ರಿ ಅಮ್ಮಾ. ಒಂದು ಚಪ್ಪಲಿ ಕಾಲಿಂದ ಜಾರಿತ್ತು. ಕೂದಲ ತುಂಬ ನೀರಿನ ಹನಿ. ಹಿಂದಿನ ಗಾಜಲ್ಲಿ ನಿಮ್ಮನೆಯವರೂ ಇದ್ರು, ಚಿಕ್ಕದಾಗಿ, ಬಗ್ಗಿಕೊಂಡು."

"ಅವರೂ ಇದ್ರಾ?" ಅವರು ತಿರುಗಿ ಹಿಂದಿನ ಗಾಜನ್ನು ನೋಡಿದರು. "ಎಷ್ಟು ಹೊತ್ತು ರೀ, ಬೇಗ ತೆಗೀರಿ ಅಂತ ರೇಗ್ತಿದ್ದೆ" ಎಂದು ನಕ್ಕರು, ನಗುತ್ತಲೇ ಅತ್ತರು. "ಇನ್ನೊಂದ್ಸಲ ಹೇಳಿ."

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಚಿಕ್ಕಮ್ಮ ಹೇಳುತ್ತಾಳೆ, ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಮನೆಯಲ್ಲಿ ಹಾಲುಕ್ಕಿದ ಸುದ್ದಿಗೂ ಉಪ್ಪುಖಾರ ಹಚ್ಚುವ ನಮ್ಮ ಚಿಕ್ಕಮ್ಮ, ಇದೊಂದಕ್ಕೆ ಮಾತ್ರ ಒಂದು ಮಾತನ್ನೂ ಹೆಚ್ಚಿಗೆ ಸೇರಿಸುವುದಿಲ್ಲ.