ಹತ್ತೂವರೆಯಿಂದ ಐದರವರೆಗೆ ದೇವರಿಲ್ಲ

ದುರಗವ್ವನ ಮಗಳು ಸಣ್ಣವ್ವನಿಗೆ ಎಲ್ಲ ಲೆಕ್ಕಗಳ ಉತ್ತರ ಗೊತ್ತಿತ್ತು, ಲೆಕ್ಕ ಮಾತ್ರ ಒಂದೂ ಗೊತ್ತಿರಲಿಲ್ಲ. ಇದರಲ್ಲಿ ಹುಡುಗಿಯ ತಪ್ಪೇನಿಲ್ಲ. ಗುಡಗೇರಿ ಸಂತೆಗೆ ಹೋಗುವ ಹಳ್ಳಿಗಳಲ್ಲಿ ಅವರ ಊರೂ ಒಂದು. ಎಪ್ಪತ್ಮೂರರ ಮಳೆಗೆ ಅಲ್ಲಿನ ಸರಕಾರಿ ಶಾಲೆಯ ಮಾಳಿಗೆ ಕುಸಿದು, ಶಾಲೆ ಹನಮಪ್ಪನ ಗುಡಿಗೆ ಬಂದಿತ್ತು. ಗುಡಿಯೊಳಗೆ ದುರಗವ್ವನ ಕೇರಿಯವರು ಕಾಲಿಡುವಂತಿಲ್ಲ. ಕಾನೂನು ಇಡಬಹುದು ಅನ್ನುತ್ತದೆ, ಆದರೆ ಕಾನೂನು ಆ ಊರಿಗೆ ಬರುವ ಬಸ್ಸೇ ಇರಲಿಲ್ಲ. ಹಾಗಾಗಿ ಸಣ್ಣವ್ವ ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂರುತ್ತಿದ್ದಳು. ಅಲ್ಲಿಂದ ಬಾಗಿಲೊಳಗೆ ಓರೆಯಾಗಿ ನೋಡಿದರೆ ಕರಿಹಲಗೆಯ ಬಲಗಡೆಯ ಅರ್ಧ ಕಾಣುತ್ತಿತ್ತು, ಅಷ್ಟೇ.

"ಇವತ್ತ ಏನ ಕಲತಿ?" ಎಂದು ದುರಗವ್ವ ರೊಟ್ಟಿ ಬಡಿಯುತ್ತ ಕೇಳುವಳು.

"ಐದು, ಎಂಟು, ಹನ್ನೊಂದು."

"ಐದು ಯಾಕ?"

"ಯಾಕಂತ ಗೊತ್ತಿಲ್ಲಬೇ. ಐದು ಅಂತ ಬರದಿತ್ತು."

ದುರಗವ್ವ ಶಂಕ್ರಪ್ಪಗೌಡರ ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುವವಳು. ನಾಲಿಗೆ ಚುರುಕು, ಅಕ್ಷರ ಒಂದೂ ಇಲ್ಲ. ಹಾವೇರಿಯಲ್ಲಿ ತಂಗಿಯ ಮದುವೆ ಇದ್ದಾಗ ಗುಡಗೇರಿ ಸ್ಟೇಷನ್ನಿನಲ್ಲಿ ಎದುರಿಗಿದ್ದ ಬೋರ್ಡು ಓದಲು ಬಾರದೆ ಉಲ್ಟಾ ದಿಕ್ಕಿನ ಗಾಡಿ ಹತ್ತಿ, ಅಕ್ಕಿಕಾಳು ಸೆರಗಿನಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಯಲ್ಲಿ ಇಳಿದವಳು. ಮಗಳು ಹಾಗೆ ಇಳಿಯಬಾರದು ಎಂಬುದೊಂದೇ ಅವಳ ಹಟ. ಅರ್ಧ ಹಲಗೆ ಓದಿದವಳು ಅರ್ಧ ದಾರಿಗೇ ಇಳಿಯುತ್ತಾಳೆ ಎಂಬುದು ಅವಳಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು.

ಒಳಗೆ ಕೂತವರ ವಿದ್ಯೆಯೂ ಅಷ್ಟಕ್ಕಷ್ಟೇ ಎನ್ನಿ. ಗುಡಿಗೂ ಶಾಲೆಗೂ ಇದ್ದದ್ದು ಒಂದೇ ಗಂಟೆ. ಯಾರಾದರೂ ಭಕ್ತರು ಬಂದು ಢಣ್ ಅನ್ನಿಸಿದರೆ ಮಕ್ಕಳು ಶಾಲೆ ಬಿಟ್ಟಿತೆಂದು ಪಾಟಿಚೀಲ ಎತ್ತಿಕೊಂಡು ಓಡುತ್ತಿದ್ದವು. ಮಡಿವಾಳೆಪ್ಪ ಮಾಸ್ತರು ಧೋತರ ಎತ್ತಿ ಹಿಂದೆ ಓಡುತ್ತಿದ್ದರು. ಅವರು ಪಾಪದ ಮನುಷ್ಯ. ಓಡಿ ಓಡಿ ಸೊರಗಿ ಹೋಗಿದ್ದರು.

ಹೀಗಿರುವಾಗ ಒಂದು ಶನಿವಾರ ಮುಂಜಾನೆ ತಪಾಸಣೆಗೆ ಸಾಹೇಬರು ಬಂದರು. ಹನಮಪ್ಪನ ವಾರ ಅದು. ಒಬ್ಬಾಕೆ ಒಂದನೇ ಇಯತ್ತೆಯ ಮಕ್ಕಳ ನಡುವೆಯೇ ಪ್ರದಕ್ಷಿಣೆ ಹಾಕುತ್ತಿದ್ದಳು, ಅವು ಅವಳಿಗೆ ಕಾಲು ಎತ್ತಿ ಎತ್ತಿ ದಾರಿ ಕೊಡುತ್ತಿದ್ದವು. ಇನ್ನೊಬ್ಬರು ತಂದ ಎಣ್ಣೆ ಸಾಹೇಬರ ಬೂಟಿನ ಮೇಲೆ ಬಿತ್ತು. ಅಷ್ಟರಲ್ಲಿ ಯಾರೋ ಗಂಟೆ ಬಾರಿಸಿದರು. ಸಾಹೇಬರು ಒಂದು ಪ್ರಶ್ನೆ ಕೇಳುವ ಮೊದಲೇ ಶಾಲೆ ಖಾಲಿಯಾಯಿತು.

"ಸರಕಾರಿ ಸಾಲ್ಯಾಗ ಧರ್ಮ ಇರಂಗಿಲ್ಲ," ಎಂದರು ಸಾಹೇಬರು ಬೂಟು ಒರೆಸಿಕೊಳ್ಳುತ್ತ. "ಇಲ್ಲಿ ಒಂದೋ ದೇವರು ಇರಬೇಕು, ಇಲ್ಲಾ ಸಾಲಿ ಇರಬೇಕು. ಎರಡೂ ಇದ್ರ ಸಾಲಿ ಬಾಜೂ ಊರಿಗೆ ಹೋಗತೈತಿ."

ಬಾಜೂ ಊರಿಗೆ! ಅದಕ್ಕಿಂತ ಊರಿಗೆ ಬೆಂಕಿ ಬಿದ್ದರೆ ವಾಸಿಯಾಗಿತ್ತು. ಪಂಚರು ಅಂದೇ ಸಂಜೆ ಕೂತರು. ರಹಿಮಾನಸಾಬ ಮಸೂತಿಯ ಪಡಸಾಲೆ ಕೊಡುತ್ತೇನೆಂದ, ಆದರೆ ಅಲ್ಲಿಯೂ ಇದೇ ತಕರಾರು ಬರುತ್ತದೆ. ಹನಮಪ್ಪನನ್ನು ಎತ್ತಿಡೋಣವೆಂದರೆ ಆಳೆತ್ತರದ ಕಲ್ಲು, ಬುಡ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕೊನೆಗೆ ಪೂಜಾರಿ ಹೊಳೆಪ್ಪ ಉಪಾಯ ಹೇಳಿದ. ಕಲ್ಲು ಇದ್ದಲ್ಲೇ ಇರಲಿ. ದೇವರನ್ನು ದಿನಾ ಮುಂಜಾನೆ ತಂಬಿಗೆಯ ನೀರಿಗೆ ಕರೆದು, ಮೇಲೊಂದು ತೆಂಗಿನಕಾಯಿ ಇಟ್ಟು, ಗೌಡರ ಮನೆಗೆ ಒಯ್ದು, ಐದಕ್ಕೆ ವಾಪಸು ತಂದರಾಯಿತು.

ದೇವರ ಮಾತು ಕೇಳದೆ ಆದೀತೇ? ಹನಮಪ್ಪನ ಎದೆಗೆ ಹೂವು ಹಚ್ಚಿ ಪ್ರಸಾದ ಕೇಳಿದರು. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಹೂವು ಬಲಕ್ಕೆ ಬಿತ್ತು. ದೇವರು ಇಷ್ಟು ಬೇಗ ಹೊರಡಲು ಒಪ್ಪಿದ್ದು ನೋಡಿ ಒಂದಿಬ್ಬರಿಗೆ ಒಳಗೊಳಗೇ ಬೇಜಾರಾಯಿತು.

ಅಂದಿನಿಂದ ದಿನಾ ಇದೇ ಆಟ. ಕಲ್ಲಿಗೆ ಚಕ್ಕಡಿಗೆ ಹೊದಿಸುವ ತಾಡಪತ್ರಿ ಮುಚ್ಚಿದರು. ಗಂಟೆಯ ನಾಲಿಗೆಗೆ ಅರಿವೆ ಸುತ್ತಿದರು. ಬಾಗಿಲ ಮೇಲಿನ ಹಲಗೆಯ ಒಂದು ಬದಿಗೆ ಗುಡಿಯ ಹೆಸರು, ಇನ್ನೊಂದು ಬದಿಗೆ ಶಾಲೆಯ ಹೆಸರು. ಮಾಸ್ತರು ಏಣಿ ಹತ್ತಿ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ತಿರುವಿ ಹಾಕಬೇಕು. ಸಾಹೇಬರು ಎರಡನೇ ಸಲ ಬಂದಾಗ ಪಂಚರೆಲ್ಲ ಸಾಲಾಗಿ ನಿಂತು, "ಹತ್ತೂವರೆಯಿಂದ ಐದರ ತನಕ ಇಲ್ಲಿ ದೇವರಿಲ್ರಿ, ಇದು ಗುಡೀನ ಅಲ್ರಿ," ಎಂದು ಹನಮಪ್ಪನ ಮೇಲೆಯೇ ಆಣೆ ಮಾಡಿ ಹೇಳಿದರು. ಸಾಹೇಬರು ಒಪ್ಪಿ ಚಹಾ ಕುಡಿದು ಹೋದರು.

ಬೇವಿನ ಗಿಡದ ಹತ್ತಿರ ಮಗಳಿಗೆ ಬುತ್ತಿ ಕೊಡಲು ಬಂದಿದ್ದ ದುರಗವ್ವ ಈ ಆಣೆಯನ್ನು ಕಿವಿತುಂಬ ಕೇಳಿದಳು. ಆ ದಿನವೆಲ್ಲ ಕಳೆ ಯಾವುದು ಗಿಡ ಯಾವುದು ತಿಳಿಯದೆ ಎರಡನ್ನೂ ಕಿತ್ತಳು.

ಮರುದಿನ ಮಾಸ್ತರು ಹಲಗೆ ತಿರುವಿ ಏಣಿ ಇಳಿಯುವ ಹೊತ್ತಿಗೆ ಅವಳು ಮಗಳ ಕೈ ಹಿಡಿದು ಹೊಸ್ತಿಲ ಮುಂದೆ ನಿಂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಬೂದಿ ಹಾಕಿ ತಿಕ್ಕಿ ತೊಳೆದ ಪಾಟಿ. ಮಾಸ್ತರ ಕಾಲು ಕೊನೆಯ ಮೆಟ್ಟಿಲಲ್ಲೇ ಉಳಿಯಿತು.

"ನಾ ಏನೂ ಅನ್ನಂಗಿಲ್ಲ ದುರಗವ್ವ, ಗೌಡ್ರು ಬರ್ಲಿ," ಎಂದರು.

ಗೌಡರು ಬಂದರು, ಜೋರಾಗಿಯೇ ಬಂದರು. "ಏನಬೇ ದುರಗಿ, ತಲಿಗಿಲಿ ಕೆಟ್ಟೈತೇನು? ಗುಡಿಯೊಳಗ ಹೊಂಟೀಯಲ್ಲ?"

ಗೌಡರು ನಾಳೆ ಹೊಲಕ್ಕೆ ಬರಬೇಡ ಅಂದರೆ ದುರಗವ್ವನ ಒಲೆ ಹೊತ್ತುವುದಿಲ್ಲ. ಆದರೂ ಮಗಳ ಕೈ ಬಿಡಲಿಲ್ಲ.

"ಗುಡಿ ಎಲ್ಲೈತ್ರಿ ಯಪ್ಪಾ? ಹಲಗಿ ಮ್ಯಾಲ ಏನ ಬರದೈತಿ ಮಾಸ್ತರ್ನ ಕೇಳ್ರಿ. ದೇವರು ನಿಮ್ಮ ಮನ್ಯಾಗ ಅದಾನ. ನಿನ್ನೆ ನೀವ ಆಣಿ ಮಾಡೀರಿ."

ದೇವರು ಒಳಗಿದ್ದಾನೆ ಅಂದರೆ ಶಾಲೆ ಬಾಜೂ ಊರಿಗೆ, ಜೊತೆಗೆ ಸುಳ್ಳಾಣೆಯ ಪಾಪ. ಇಲ್ಲ ಅಂದರೆ ಹುಡುಗಿ ಒಳಗೆ. ಗೌಡರು ಪೂಜಾರಿ ಹೊಳೆಪ್ಪನ ಮುಖ ನೋಡಿದರು. ಅವನು ತಾಡಪತ್ರಿಯ ಮುಖ ನೋಡಿದ.

"ದೇವರನ್ನ ಕೇಳೂಣು," ಎಂದರು ಗೌಡರು ಕೊನೆಗೆ.

ಕೇಳಲು ಎಲ್ಲರೂ ಗೌಡರ ಮನೆಗೇ ನಡೆಯಬೇಕಾಯಿತು. ಗೌಡತಿ ಮಹಾದೇವಕ್ಕ ಪಡಸಾಲೆಯಲ್ಲಿ ಎಣ್ಣೆ ಒರೆಸುತ್ತಿದ್ದಳು. ದೇವರು ಮನೆಗೆ ಬಂದಾಗಿನಿಂದ ಊರಿನ ಹರಕೆಯವರೆಲ್ಲ ಅಲ್ಲಿಗೇ ಬಂದು ಎಣ್ಣೆ ಚೆಲ್ಲಿ, ಚಹಾ ಕುಡಿದು ಹೋಗುತ್ತಿದ್ದರು. ಅವಳ ಸೊಂಟ ಬಿದ್ದುಹೋಗಿತ್ತು. ಹೊಳೆಪ್ಪ ತಂಬಿಗೆಯ ಮೇಲಿನ ಕಾಯಿಗೆ ಹೂವು ಹಚ್ಚಿ ಕೇಳಿದ. ಹೂವು ಅಲುಗಲಿಲ್ಲ. ಮತ್ತೆ ಕೇಳಿದ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ದುರಗವ್ವ ಮಗಳ ಕೈ ಹಿಡಿದು ಅಂಗಳದಲ್ಲೇ ನಿಂತಿದ್ದಳು. ಕಡೆಗೆ ಮಹಾದೇವಕ್ಕ ಎದ್ದು ಬಂದು, ಆ ಹೂವನ್ನು ತೆಗೆದು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

"ಬ್ಯಾಡ ಅಂದಾನೇನು? ಅಂದಿಲ್ಲ. ಹಂಗಾದ್ರ ಹುಡುಗೀನ ಕಳಸ್ರಿ. ಇಲ್ಲಾ ಈ ದೇವರನ್ನ ಈಗ ತಗೊಂಡ ಹೋಗ್ರಿ, ಇವನ ಸೇವಾ ನನ್ನ ಕೈಲಿ ಆಗಂಗಿಲ್ಲ."

ಗೌಡರಿಗೆ ಹೆಂಡತಿಯ ಮುಂದೆ ಹನಮಪ್ಪನಷ್ಟೂ ಬಲ ಇರಲಿಲ್ಲ. ಸಣ್ಣವ್ವ ಒಳಗೆ ಹೋದಳು. ಜಾಗ ಉಳಿದಿದ್ದು ತಾಡಪತ್ರಿಯ ಬುಡದಲ್ಲಿ, ಅಲ್ಲೇ ಕೂತಳು. ಕರಿಹಲಗೆ ಇಡಿಯಾಗಿ ಕಂಡಿತು. ದುರಗವ್ವ ಅಂದು ಹೊಲಕ್ಕೆ ಹೋಗಲಿಲ್ಲ. ಬೇವಿನ ಗಿಡದ ಕೆಳಗೆ ಮಗಳ ಜಾಗದಲ್ಲಿ ಕೂತು ಬಾಗಿಲನ್ನೇ ನೋಡಿದಳು. ಅವಳಿಗೆ ಕಂಡದ್ದೂ ಅರ್ಧವೇ. ಸಾಕಾಗಿತ್ತು.

ಐದಕ್ಕೆ ಶಾಲೆ ಬಿಟ್ಟಿತು. ಮಾಸ್ತರು ಹಲಗೆ ತಿರುವಿದರು. ಹೊಳೆಪ್ಪ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದು ತಂಬಿಗೆಯನ್ನು ಒಳಗೆ ಒಯ್ದ. ನೀರು ಯಾಕೆ ಎಂದು ದುರಗವ್ವ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

ಸಣ್ಣವ್ವ ಓಡಿ ಬಂದವಳು ಗಕ್ಕನೆ ನಿಂತಳು. "ಯವ್ವಾ, ಪಾಟಿ ಒಳಗ ಉಳೀತು."

ಈಗೇನು ಮಾಡುವುದು? ದೇವರು ಒಳಗೆ ಬಂದಾಯಿತು, ಹುಡುಗಿ ಹೋಗುವಂತಿಲ್ಲ. ಹುಡುಗಿಯ ಪಾಟಿಯನ್ನು ಹೊಳೆಪ್ಪ ಮುಟ್ಟುವಂತಿಲ್ಲ. ಮಾಸ್ತರು ತಲೆ ತಗ್ಗಿಸಿ ಏಣಿ ಹೊತ್ತುಕೊಂಡು ನಡೆದುಬಿಟ್ಟರು. ಹೊಳೆಪ್ಪ ತಾಡಪತ್ರಿ ಸರಿಸಿದ. ಹನಮಪ್ಪನ ಕಾಲ ಬುಡದಲ್ಲಿ, ಗೋಡೆಗೆ ಒರಗಿ, ನೀರು ತಾಗದೆ ಪಾಟಿ ನಿಂತಿತ್ತು. ಅವನು ಅದರತ್ತ ನೋಡದೆಯೇ ಆರತಿ ಎತ್ತಿದ.

"ಅದರಾಗ ಏನ ಬರದೀ?" ಎಂದು ಕೇಳಿದಳು ದುರಗವ್ವ.

"ಎರಡಕ್ಕ ಮೂರು ಕೂಡಿಸಿದ್ರ ಐದು. ಅದಕ್ಕ ಐದುಬೇ."

ದುರಗವ್ವನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಮಗಳ ಹೆಗಲ ಮೇಲೆ ಕೈ ಹಾಕಿದಳು.

"ಇರ್ಲಿ ಬಿಡವಾ, ಮುಂಜಾನಿ ಹನಮಪ್ಪ ಹೊರಗ ಹೋದ ಮ್ಯಾಲ ತಗೊಳ್ಳೀಯಂತ. ಅಲ್ಲೀತನಕ ಅಂವನೂ ಒಂದೀಟು ಕಲೀಲಿ."