ಕಾಕುವಿನ ಊರು, ಕಾಕಾನ ಪಾಸ್‌ವರ್ಡ್

ಇವತ್ತು ಬೆಳಿಗ್ಗೆ ನನ್ನ ಮ್ಯಾಕ್ ನನ್ನನ್ನೇ ತಡೆದು ನಿಲ್ಲಿಸಿತು. ಅದರಲ್ಲಿ ಇಸ್ಪೀಟಿನ ಪುಟ್ಟ ಆಟವೊಂದಿದೆ. ಚಹಾ ಕುಡಿಯುತ್ತ ಒಂದು ಕೈ ಆಡಿ ಏಳುವುದು ನನ್ನ ಚಟ. ತೆರೆದರೆ ಅಪ್‌ಡೇಟ್ ಬೇಕೆಂದಿತು. ಆಗಲಿ ಮಾರಾಯ ಎಂದೆ. ಕೂಡಲೇ ಬೀಗದ ಚಿತ್ರವಿರುವ ಕಿಟಕಿ ತೆರೆದುಕೊಂಡಿತು: ಅಡ್ಮಿನಿಸ್ಟ್ರೇಟರ್ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ನಾನು ಕೊಂಡ ಯಂತ್ರ, ನನ್ನ ಮೇಜು, ನನ್ನ ಚಹಾ. ಆದರೂ ನೀನ್ಯಾರು ಎಂದು ಕೇಳುವ ಈ ಸೊಕ್ಕಿಗೆ ಏನನ್ನೋಣ? ನಿಮಗೂ ಹೀಗಾಗಿರುತ್ತದೆ, ನೀವು ಎರಡಕ್ಷರ ಒತ್ತಿ ಮುಂದೆ ಹೋಗುತ್ತೀರಿ. ನನ್ನಿಂದ ಅದಾಗುವುದಿಲ್ಲ. ಆ ಕಿಟಕಿ ಕಂಡಾಗಲೆಲ್ಲ ಲಿಂಗಂಪಲ್ಲಿಯ ಕಾಕು ನೆನಪಾಗುತ್ತಾರೆ, ಮೈ ಉರಿಯುತ್ತದೆ.

ಹೈದರಾಬಾದು ಇನ್ನೂ ಅಖಂಡ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕೊನೆಯ ವರ್ಷಗಳವು. ನಾನು ನಾರಾಯಣಗೂಡದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ತೆಲುಗು, ಉರ್ದು, ಅಪರೂಪಕ್ಕೆ ಕನ್ನಡ, ಯಾವ ಭಾಷೆಯ ವಧೂವರರಾದರೂ ಮೊದಲು ನನ್ನ ಮ್ಯಾಕಿನ ಪರದೆಯ ಮೇಲೆ ಕೂಡಬೇಕಿತ್ತು. ಅಷ್ಟಕ್ಕೇ ನಮ್ಮ ಮಂದಿಯಲ್ಲಿ ನಾನು ಕಂಪ್ಯೂಟರ್ ಡಾಕ್ಟರಮ್ಮನಾಗಿಬಿಟ್ಟಿದ್ದೆ. ಯಾರ ಮನೆಗೆ ಊಟಕ್ಕೆ ಹೋದರೂ ಹೋಳಿಗೆಗಿಂತ ಮುಂಚೆ ಕೆಟ್ಟ ಪ್ರಿಂಟರು ಎದುರಿಗೆ ಬರುತ್ತಿತ್ತು. ಒಳಗೊಳಗೆ ನಾನೂ ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಕಾಕಾ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಬಂದ ಕಾಕು ಅಲ್ಲಿಂದ ಮುಂದೆ ಬದುಕನ್ನೆಲ್ಲ ಲಿಂಗಂಪಲ್ಲಿಯ ಕ್ವಾರ್ಟರ್ಸಿನಲ್ಲೇ ಕಳೆದವರು. ಕ್ವಾರ್ಟರ್ಸಿನ ಬಾಳು ನಿಮಗೆ ಗೊತ್ತಲ್ಲ? ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಮನೆಗಳ ಉಸ್ತುವಾರಿಯ ಎಸ್ಟೇಟ್ ಆಫೀಸಿಗೆ ಅರ್ಜಿ ಹಾಕಬೇಕು. ಗಿಡ ನೆಟ್ಟರೆ ಅದು ಕಂಪನಿಯ ಗಿಡ. ಇಪ್ಪತ್ತು ವರ್ಷ ಸಕ್ಕರೆ, ಹೆಪ್ಪು ಕೊಟ್ಟು ತೆಗೆದುಕೊಂಡ ನೆರೆಯಾಕೆ, ಗಂಡ ರಿಟೈರಾದ ತಿಂಗಳು ಸಾಮಾನು ಲಾರಿಗೆ ಹೇರಿ ಕಣ್ಮರೆಯಾಗುತ್ತಾಳೆ. ಆ ಮನೆಯ ಬಾಗಿಲಿಗೆ ಮರುವಾರವೇ ಬೇರೆಯವರ ತೋರಣ.

ನಮ್ಮ ಅಂಗಡಿಗೆ ಹೊಸ ಯಂತ್ರಗಳು ಬಂದಾಗ ಹಳೆಯ ಮ್ಯಾಕ್ ಒಂದನ್ನು ಕಾಕುವಿಗೆ ಕೊಡಿಸಿದೆ. ಕಾಕಾನಿಗಲ್ಲ, ಕಾಕುವಿಗೆ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಮರೆತಿದ್ದೆ. ಅದರಲ್ಲಿ ಊರು ಕಟ್ಟುವ ಆಟವೊಂದನ್ನು ಇಳಿಸಿಕೊಟ್ಟೆ. ರಸ್ತೆ ಹಾಕುವುದು, ಮನೆ ಎಬ್ಬಿಸುವುದು, ನೀರು, ದೀಪ, ಎಲ್ಲ ನಾವೇ ಮಾಡಬೇಕು. ಕಾಕು ಎಲ್ಲಕ್ಕಿಂತ ಮೊದಲು ಕಟ್ಟಿದ್ದು ನೀರಿನ ಟಾಕಿ. ಕಾರ್ಖಾನೆಯನ್ನು ಊರ ಹೊರಗೆ ಎಷ್ಟು ದೂರ ಇಡಲು ಬರುತ್ತಿತ್ತೋ ಅಷ್ಟು ದೂರ ಇಟ್ಟರು. ಆಟದೊಳಗಿನ ಜನ ಕೆಲಸ ಬೇಕು ಎಂದು ಗೊಣಗಿದರೆ "ಇರ್ರಿ, ಮದಲ ನೀರು ಕುಡೀರಿ" ಎಂದು ಪರದೆಗೇ ಗದರುತ್ತಿದ್ದರು. ಬೀದಿಗಳಿಗೆ ಹೆಸರಿಡಲು ಅವಕಾಶವಿತ್ತು. ಕ್ವಾರ್ಟರ್ಸು ಬಿಟ್ಟುಹೋದ ಗೆಳತಿಯರೆಲ್ಲ ಅಲ್ಲಿ ಬಂದು ನೆಲೆಸಿದರು: ಪದ್ಮಕ್ಕನ ಓಣಿ, ಜಮೀಲಾ ಆಪಾ ಓಣಿ, ಅನಸೂಯಾಬಾಯಿ ಚೌಕ. ಅಲ್ಲಿ ಯಾರಿಗೂ ರಿಟೈರ್‌ಮೆಂಟ್ ಇರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಫೋನು ಬಂತು.

"ಅವ್ವಿ, ನನ್ನ ಊರು ತೆರೀವಲ್ದು. ಹೊಸಾದು ಹಾಕ್ಕೊ, ಆಮ್ಯಾಲೆ ಆಡು ಅಂತೈತಿ. ಹಾಕ್ಕೋತೀನಿ ಅಂದ್ರ ಆಗೂದಿಲ್ಲ ಅಂತೈತಿ."

ಆಟ ಮಾಡಿದ ಪುಣ್ಯಾತ್ಮರಿಗೆ ಹಳೆಯ ಆವೃತ್ತಿ ಬೇಡವಾಗಿತ್ತು. ಚೆನ್ನಾಗಿ ನಡೆಯುತ್ತಿದ್ದುದನ್ನು ನಿಲ್ಲಿಸಿ ಅದಕ್ಕೆ ಸುಧಾರಣೆ ಎಂದು ಹೆಸರಿಡುವವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಫೋನಿನಲ್ಲೇ ಔಷಧ ಹೇಳಿದೆ. ಯಂತ್ರ ಆರಿಸಿ ಹೊತ್ತಿಸಿರಿ. ಇಂಟರ್ನೆಟ್ಟಿನ ವಯರು ಕಿತ್ತು ಮತ್ತೆ ಹಾಕಿರಿ. ಗಡಿಯಾರದಲ್ಲಿ ತಾರೀಖು ಸರಿಯಿದೆಯೇ ನೋಡಿರಿ. ಕಾಕು ಎಲ್ಲವನ್ನೂ ವ್ರತದಂತೆ ಮಾಡಿದರು. ಏನೂ ಆಗಲಿಲ್ಲ. ಕೊನೆಗೆ, ಆಟವನ್ನು ಪೂರ್ತಿ ತೆಗೆದು ಮತ್ತೆ ಹಾಕೋಣ ಎಂದೆ.

"ಊರು ಹೋದ್ರ?"

"ಹೋಗೂದಿಲ್ಲರಿ ಕಾಕು. ಅದು ಬ್ಯಾರೆ ಕಡೆ ಇರ್ತೈತಿ."

"ಹೋದ್ರ? ಪದ್ಮಕ್ಕ ಮತ್ತ ಬರ್ತಾಳೇನ?"

ಆ ದನಿ ಕೇಳಿ ನನಗೆ ಫೋನಿನ ಚಿಕಿತ್ಸೆ ಸಾಕೆನಿಸಿತು. ಭಾನುವಾರ ನಾಂಪಲ್ಲಿಯಿಂದ ಲೋಕಲ್ ಟ್ರೇನು ಹಿಡಿದು ಲಿಂಗಂಪಲ್ಲಿಗೆ ಹೋದೆ. ಬೇಕಾದೀತೆಂದು ಆ ಯಂತ್ರದ ಜೊತೆ ಬಂದಿದ್ದ ಮೂಲ ಡಿಸ್ಕನ್ನೂ ಅಂಗಡಿಯಿಂದ ತೆಗೆದುಕೊಂಡಿದ್ದೆ.

ನೋಡಿದ ಮೊದಲ ನಿಮಿಷಕ್ಕೇ ರೋಗ ಸಿಕ್ಕಿತು. ಮ್ಯಾಕಿಗೆ ಇಳಿಸಿದ ಆಟ ಮುಚ್ಚಿದ ಡಬ್ಬಿಯಂತೆ ಬರುತ್ತದೆ. ಡಬ್ಬಿ ತೆರೆದು, ಒಳಗಿನದನ್ನು ಎಳೆದು ಅಪ್ಲಿಕೇಶನ್ಸ್ ಎಂಬ ಫೋಲ್ಡರಿಗೆ ಹಾಕಿ, ಡಬ್ಬಿ ಬಿಸಾಡಬೇಕು. ಡಬ್ಬಿಯಲ್ಲಿಟ್ಟುಕೊಂಡೂ ಆಡಲು ಬರುತ್ತದೆ, ಆದರೆ ಅದರೊಳಗೆ ಹೊಸದಾಗಿ ಏನನ್ನೂ ಬರೆಯಲಾಗದು. ಅಪ್‌ಡೇಟ್ ಎಲ್ಲಿಂದ ಬರಬೇಕು? ಕಾಕು ಎರಡು ವರ್ಷ, ದಿನಾ ಡಬ್ಬಿ ತೆರೆದು, ಆಡಿ, ಅಚ್ಚುಕಟ್ಟಾಗಿ ಮುಚ್ಚಿ ಇಟ್ಟಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ಏನ್ರಿ ಕಾಕು! ಇನ್ನೂ ಡಬ್ಬಿಯೊಳಗ ಇಟ್ಕೊಂಡು ಆಡಾಕತ್ತೀರಿ? ನಾ ಅವತ್ತ ಹೇಳಿರಲಿಲ್ಲೇನು, ಎಳದು ಈ ಫೋಲ್ಡರಿಗೆ ಹಾಕ್ರಿ ಅಂತ?"

ಕಾಕು ಸೆರಗಿಗೆ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ಎಳದೆನವಾ. ಎಳದ್ರ ಇವರ ಹೆಸರು ತೋರಿಸಿ ಪಾಸ್‌ವರ್ಡ್ ಕೊಡು ಅಂತು. ಇವರನ್ನ ಕೇಳಿದೆ. ಸಂಜಿಗೆ ನೋಡೋಣು ಅಂದ್ರು. ಭಾಳ ಸಂಜಿ ಆದುವು. ದಿನಾ ಕೇಳಿ ಬ್ಯಾಸರಾತು. ಡಬ್ಬಿಯೊಳಗಿಂದನೂ ತೆರೀತೈತಿ ಅಂತ ಗೊತ್ತಾತು, ಅಲ್ಲೇ ಆಡಿದೆ."

ಯಂತ್ರ ಕೂಡಿಸಿದ ದಿನ ಕಣ್ಣ ಮುಂದೆ ಬಂತು. ಮೊದಲ ಕಿಟಕಿ ಪೂರ್ಣ ಹೆಸರು ಕೇಳಿತ್ತು. ಗಂಡಸಿನ ಹೆಸರು ಎಂದು ಅದು ಕೇಳಿರಲಿಲ್ಲ. ಹಿಂದೆ ಕುರ್ಚಿಗೆ ಕೈಯಿಟ್ಟು ಕಾಕಾ ನಿಂತಿದ್ದರು, ಕಾಕು ಒಳಗೆ ಅವಲಕ್ಕಿ ಹಚ್ಚುತ್ತಿದ್ದರು. ರೇಷನ್ ಕಾರ್ಡಿನಿಂದ ಹಿಡಿದು ಗ್ಯಾಸಿನ ಅರ್ಜಿಯವರೆಗೆ ಮನೆಯ ಯಜಮಾನರು ಎಂಬಲ್ಲಿ ಯಾರ ಹೆಸರು ಬರೆಯುತ್ತೇವೋ ಅದನ್ನೇ ನನ್ನ ಬೆರಳು ಬರೆದಿತ್ತು. ಕಾಕಾ ಪಾಸ್‌ವರ್ಡ್ ಒತ್ತುವಾಗ ಮರ್ಯಾದೆಯಿಂದ ಮುಖ ಬೇರೆ ತಿರುಗಿಸಿದ್ದೆ. ಕಾಕುವಿಗೆ ಏನನ್ನೂ ಹಾಕುವ, ತೆಗೆಯುವ ಹಕ್ಕಿಲ್ಲದ ಸಾದಾ ಖಾತೆಯೊಂದನ್ನು ಮಾಡಿ, ಟ್ರೇನಿಗೆ ಹೊತ್ತಾಯಿತೆಂದು ಓಡಿದ್ದೆ. ಮೊಳೆ ಹೊಡೆಯಲು ಅರ್ಜಿ ಹಾಕಿ ಸಾಕಾದ ಹೆಂಗಸಿಗೆ ನಾನು ಮನೆಯೊಳಗೇ ಇನ್ನೊಂದು ಎಸ್ಟೇಟ್ ಆಫೀಸು ತೆರೆದು ಕೊಟ್ಟಿದ್ದೆ.

ಅಷ್ಟರಲ್ಲಿ ಕಾಕಾ ಸಂತೆಯಿಂದ ಕಾಯಿಪಲ್ಲೆ ಚೀಲ ಹಿಡಿದು ಬಂದರು. ಪಾಸ್‌ವರ್ಡ್ ಕೇಳಿದೆ. "ಹಾಂ, ಐತಲ್ಲ" ಎಂದು ಕೂತು ಒತ್ತಿದರು. ಕಿಟಕಿ ತಪ್ಪೆಂದು ಅತ್ತಿತ್ತ ತಲೆಯಾಡಿಸಿತು. ಇನ್ನೊಮ್ಮೆ, ಮತ್ತೊಮ್ಮೆ.

"ಎರಡ ವರ್ಷ ಆತಲ್ಲ, ಯಾಂವ ನೆನಪಿಟ್ಟಾನ? ಖಾಲಿಪೀಲಿ ಒಂದ ಆಟಕ್ಕ ಯಾಕ ಇಷ್ಟು ಪರೇಶಾನ್ ಆಗಾಕತ್ತೀರಿ?"

ಕೇಳಿದಿರಾ? ತಾವು ಒಮ್ಮೆಯೂ ಬಳಸದ, ಹೆಂಡತಿಗೂ ಕೊಡದ ಕೀಲಿಕೈಯನ್ನು ಈ ಮಹಾನುಭಾವರು ಕಳೆದೂ ಕೂತಿದ್ದರು. ಕೆಟ್ಟವರಲ್ಲ ನಮ್ಮ ಕಾಕಾ. ಕಾಕುವಿಗೆ ಜ್ವರ ಬಂದರೆ ರಜೆ ಹಾಕಿ ಗಂಜಿ ಮಾಡುವವರು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮೂಲ ಡಿಸ್ಕಿನಿಂದ ಯಂತ್ರ ಶುರುಮಾಡಿದರೆ ಹಳೆಯ ಪಾಸ್‌ವರ್ಡ್ ಅಳಿಸಿ ಹೊಸದನ್ನು ಬರೆಯಬಹುದು. ಬರೆದೆ. ಆಟವನ್ನು ಡಬ್ಬಿಯಿಂದ ತೆಗೆದು ಫೋಲ್ಡರಿಗೆ ಹಾಕಿದೆ, ಅಪ್‌ಡೇಟ್ ಸುಸೂತ್ರವಾಗಿ ಇಳಿಯಿತು. ಊರು ತೆರೆಯಿತು. ಟಾಕಿ, ಓಣಿಗಳು, ಚೌಕ, ಎಲ್ಲ ಇದ್ದವು. ಕಾಕು ನನ್ನ ಬದಿಗೇ ನಿಂತು ಪ್ರತಿ ಓಣಿಯ ಹೆಸರನ್ನೂ ಓದಿಕೊಂಡರು.

ಈಗ ಉಳಿದದ್ದು ಒಂದೇ ಕೆಲಸ. ಕಾಕುವಿನ ಖಾತೆಗೂ ಯಜಮಾನಿಕೆ ಕೊಡುವ ಪುಟ್ಟ ಚೌಕಳಿಯೊಂದು ಸೆಟ್ಟಿಂಗಿನಲ್ಲಿ ಇತ್ತು. ಅದರಲ್ಲಿ ಗುರುತು ಹಾಕಿದರೆ ಮುಗಿಯಿತು. ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಕಾ ಕೈ ಚಾಚಿ, "ಹೊಸಾದು ಒಂದು ಚೀಟಿ ಮ್ಯಾಲೆ ಬರದು ಕೊಡು, ಪಾಕೀಟಿನ್ಯಾಗ ಇಟ್ಕೋತೀನಿ" ಎಂದರು. ಬರೆದೆ. ಕೊಟ್ಟೆ. ಹಿರಿಯರು ಕೈ ಚಾಚಿದರೆ ಕೊಟ್ಟೇ ಅಭ್ಯಾಸ. ಆ ಚೌಕಳಿ ಖಾಲಿಯೇ ಉಳಿಯಿತು.

"ಆತು ಬಿಡವಾ, ಚಾ ಆರಾಕತ್ತೈತಿ" ಎಂದರು ಕಾಕು.

ಕೆಲವು ವಾರಗಳ ಮೇಲೆ ಫೋನಿನಲ್ಲಿ ಊರು ಹೇಗಿದೆ ಎಂದು ಕೇಳಿದೆ. "ಮತ್ತೊಂದು ಅಪ್‌ಡೇಟ್ ಕೇಳಿತವಾ. ಬಿಟ್ಟೆ" ಎಂದರು. ಆಮೇಲೆ ಅವರು ಅದನ್ನು ತೆರೆಯಲೇ ಇಲ್ಲ. ಕಾಕಾ ರಿಟೈರಾಗಿ ಅಲ್ಲೇ ಲಿಂಗಂಪಲ್ಲಿಯಲ್ಲಿ ಫ್ಲ್ಯಾಟಿಗೆ ಹೋಗುವಾಗ ಯಂತ್ರ ಗುಜರಿಗೆ ಹೋಯಿತು, ಪದ್ಮಕ್ಕನ ಓಣಿಯ ಸಮೇತ.

ಇಷ್ಟು ವರ್ಷ ನಾನು ಕಾಕಾನನ್ನು ಬೈದೆ, ಆಟ ಮಾಡಿದವರನ್ನು ಬೈದೆ. ಇಬ್ಬರೂ ಕೈಗೆ ಸುಲಭವಾಗಿ ಸಿಗುತ್ತಿದ್ದರು. ಇವತ್ತು ಮಾತ್ರ ಆಟ ಬದಿಗೊತ್ತಿ ಕಾಕುವಿಗೆ ಫೋನು ಹಚ್ಚಿದೆ. ಕುಶಲ ಕೇಳುವ ಮೊದಲೇ ಹೇಳಿಬಿಟ್ಟೆ.

"ಕಾಕು, ಅವತ್ತ ಆ ಚೀಟಿ ನಿಮ್ಮ ಕೈಯಾಗ ಕೊಡಬೇಕಾಗಿತ್ತು. ತಪ್ಪಾತು."

ಆಚೆ ಕಾಕು ನಕ್ಕರು.

"ಚೀಟಿ ಯಾಕ ಬೇಕಿತ್ತವಾ? ನೀ ಬರಿಯೂ ಮುಂದ ನಾ ಬಾಜೂಕನ ನಿಂತಿದ್ದೆ. ಆ ಪಾಸ್‌ವರ್ಡ್ ನನಗ ಈಗೂ ಬಾಯಿಪಾಠ ಐತಿ."

"ಮತ್ತ ಯಾಕ ಬಿಟ್ರಿ?"

"ನಾ ಕಟ್ಟಿದ ಊರಿಗೆ ನಾನ ಕಳ್ಳರಂಗ ಹೋಗ್ಲೇನ?"